ಲೆಕ್ಕದ ಪುಸ್ತಕದಲ್ಲಿ ಫೋಟೋಗೊಂದು ಸಾಲು

2020ರ ಜುಲೈ ತಿಂಗಳು. ನನ್ನ ಕ್ಯಾಮೆರಾ ತಗೊಳ್ಳೋಕೆ ಕುಶಾಲನಗರದಿಂದ ಒಬ್ಬ ಹುಡುಗ ಬಂದಿದ್ದ. ಹೊರಗೆ ಮಳೆ ಹೊಡೀತಾ ಇತ್ತು. ರೈನ್‌ಕೋಟನ್ನು ಜಗಲಿಯಲ್ಲೇ ಬಿಚ್ಚಿಟ್ಟು, ಕೈ ಒರೆಸಿಕೊಂಡು, ತುಂಬಾ ಜೋಪಾನವಾಗಿ ಲೆನ್ಸ್ ಕಳಚಿದ. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಲೆನ್ಸನ್ನು ನನ್ನ ಕೈಗೆ ಕೊಟ್ಟು, "ಅಕ್ಕ, ಅಂಚಲ್ಲಿ ನೋಡಿ" ಅಂದ.

ನೋಡಿದೆ. ಗಾಜಿನ ಒಳಗೆ, ಅಂಚಿನಿಂದ ನಡುವಿನ ಕಡೆಗೆ, ಜೇಡರ ಬಲೆಯ ಎಳೆಗಿಂತ ಸಣ್ಣ ಬಿಳಿ ಎಳೆಗಳು. ಒಂದು ಎಳೆ ಎರಡಾಗಿ, ಎರಡು ನಾಲ್ಕಾಗಿ ಕವಲೊಡೆದಿದ್ದವು. ಬೂಷ್ಟು. ಟಾರ್ಚ್ ಪಕ್ಕಕ್ಕೆ ಸರಿಸಿದರೆ ಏನೂ ಕಾಣುತ್ತಿರಲಿಲ್ಲ, ಬೆಳಕು ಬಿದ್ದರೆ ಮಾತ್ರ ಎದ್ದು ಕಾಣುತ್ತಿತ್ತು. ನಾವು ಹನ್ನೆರಡು ಸಾವಿರ ಕೇಳಿದ್ದೆವು. ಅವನು ಆರು ಸಾವಿರಕ್ಕಾದರೆ ತಗೊಳ್ತೀನಿ ಅಂದ. ಅವನ ತಪ್ಪಿಲ್ಲ, ನಾನಾಗಿದ್ದರೂ ಅಷ್ಟೇ ಹೇಳುತ್ತಿದ್ದೆ. ನಾನು ಇನ್ನೇನು ಆಗಲಿ ಅನ್ನಬೇಕು, ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಇವರು "ಬೇಡ ಬಿಡಪ್ಪ, ಮಾರಲ್ಲ" ಅಂದರು. ಹುಡುಗನಿಗೆ ಕಾಫಿ ಕೊಟ್ಟು ಕಳಿಸಿದೆವು.

ಆವತ್ತು ಆರು ಸಾವಿರ ನಮಗೆ ದೊಡ್ಡ ದುಡ್ಡು. ಇವರು ಯಾಕೆ ಬೇಡ ಅಂದರು ಅಂತ ನಾನು ಆಗ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಅನ್ನುವುದೇ ಸರಿ.

ನಮ್ಮ ಮನೆ ಆಗ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಇವರು ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತಿದ್ದರು, ತಿಂಗಳಿಗೆ 21 ಸಾವಿರ. ನಾನು ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಎಂಟೂವರೆ ಸಾವಿರಕ್ಕೆ ಕೆಲಸ ಮಾಡುತ್ತಿದ್ದೆ. ಬಾಡಿಗೆ ಮನೆ, ಅತ್ತೆ, ಒಬ್ಬಳು ಮಗಳು, ಬೈಕಿನ ಕಂತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆಯೆಲ್ಲ ಬೆಟ್ಟ ಕುಸಿದಾಗಲೇ ರೆಸಾರ್ಟಿಗೆ ಮೊದಲ ಪೆಟ್ಟು ಬಿದ್ದಿತ್ತು. ಪ್ರವಾಸಿಗರು ಬರಬೇಡಿ ಅಂತ ಜಿಲ್ಲಾಡಳಿತವೇ ಹೇಳಿದ ದಿನಗಳು ಅವು. ಮಾರನೇ ವರ್ಷ ತೋರ ಅನ್ನುವ ಊರಲ್ಲಿ ಕುಸಿಯಿತು, 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ. ಸತತ ಮೂರು ಆಗಸ್ಟ್. ಜೀವ ಕಳೆದುಕೊಂಡವರ, ಮನೆ ಕಳೆದುಕೊಂಡವರ ಮುಂದೆ ನಮ್ಮದು ಕಷ್ಟವೇ ಅಲ್ಲ, ಅದು ನನಗೆ ಗೊತ್ತು. ಆದರೆ ಕೊಡಗಿನಲ್ಲಿ ಪ್ರವಾಸಿಗರನ್ನು ನಂಬಿ ಬದುಕುವ ಮನೆಗಳು ಎಷ್ಟಿವೆ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ ಅಲ್ವಾ. ಆ ಮೂರು ಆಗಸ್ಟುಗಳ ನಡುವೆಯೇ 2020ರ ಮಾರ್ಚ್ 25ರ ಲಾಕ್‌ಡೌನ್ ಬಂತು. ರೆಸಾರ್ಟ್ ಮುಚ್ಚಿತು. ಏಪ್ರಿಲಿನಲ್ಲಿ ಅರ್ಧ ಸಂಬಳ ಬಂತು, ಮೇನಲ್ಲಿ ಬರಲಿಲ್ಲ, ಜೂನಿನಲ್ಲಿ "ಮುಂದೆ ನೋಡೋಣ" ಅಂತ ಒಂದು ಫೋನ್ ಬಂತು. ನನ್ನ ಶಾಲೆಯಲ್ಲೂ ಅರ್ಧ ಸಂಬಳ. ವರ್ಷದೊಳಗೆ ಅದೂ ನಿಂತಿತು.

ಆಗ ನಾವು ಮಾಡಿದ್ದು ಎಲ್ಲರೂ ಮಾಡಿದ್ದನ್ನೇ. ಪಿಎಫ್‌ನಿಂದ ಮುಂಗಡ ತೆಗೆಯಬಹುದು ಅಂತ ಸರ್ಕಾರ ಮಾರ್ಚ್ ಕೊನೆಗೆ ನಿಯಮ ಮಾಡಿತ್ತು. ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಇಲ್ಲವೇ ಖಾತೆಯಲ್ಲಿರುವುದರ ಶೇ. 75, ಎರಡರಲ್ಲಿ ಯಾವುದು ಕಡಿಮೆಯೋ ಅದು. ನಮಗೆ 27 ಸಾವಿರ ಸಿಕ್ಕಿತು. ಬೈಕಿನ ಕಂತನ್ನು ಆಗಸ್ಟ್ 31ರವರೆಗೆ ಮುಂದೂಡಿಸಿಕೊಂಡೆವು. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ ಅನ್ನುವುದು ಮಾತ್ರ ಆಮೇಲೆ ಸರಿಯಾಗಿ ಅರ್ಥವಾಯಿತು. ನನ್ನ ಎರಡು ಬಳೆ ಗಿರವಿಗೆ ಹೋದವು. ಅದೇ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್, ಒಡವೆ ಬೆಲೆಯ ನೂರಕ್ಕೆ 75ರವರೆಗೆ ಇದ್ದ ಸಾಲದ ಮಿತಿಯನ್ನು 90ಕ್ಕೆ ಏರಿಸಿತ್ತು. ಜಾಸ್ತಿ ಸಿಗುತ್ತೆ ಅಂತ ಜಾಸ್ತಿ ತಗೊಳ್ಳೋದು ಬೇಡ, ಬಿಡಿಸಿಕೊಳ್ಳಲು ಆಗುವಷ್ಟೇ ಸಾಕು ಅಂತ ಅತ್ತೆ ಹಟ ಹಿಡಿದರು. 60 ಸಾವಿರ ತಗೊಂಡೆವು. ಅತ್ತೆಯ ಮಾತು ಕೇಳಿದ್ದಕ್ಕೆ ಇವತ್ತಿಗೂ ನೆಮ್ಮದಿ ಇದೆ.

ಇನ್ನು ಕ್ಯಾಮೆರಾ. ಅದು ನಿಕಾನ್ ಡಿ3300, ಜೊತೆಗೆ 18-55 ಕಿಟ್ ಲೆನ್ಸ್, ಅಂದರೆ ಕ್ಯಾಮೆರಾ ಜೊತೆಗೇ ಬರುವ ಮಾಮೂಲಿ ಲೆನ್ಸ್. 2017ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ, 17 ಸಾವಿರಕ್ಕೆ. ಅದಕ್ಕೆ ಎರಡು ವರ್ಷ ದುಡ್ಡು ಕೂಡಿಟ್ಟಿದ್ದೆ. ಮದುವೆಗೆ ಮುಂಚೆಯಿಂದಲೂ ನನಗೆ ಫೋಟೋ ಹುಚ್ಚು. ಯಾರದೋ ಮದುವೆ ಆಲ್ಬಮ್ ನೋಡುವಾಗ ವಧುವಿಗಿಂತ ಹಿಂದಿನ ಕಿಟಕಿಯ ಬೆಳಕು ನನ್ನ ಕಣ್ಣಿಗೆ ಮೊದಲು ಬೀಳುತ್ತಿತ್ತು. ಸಂಬಳ ನಿಂತ ಮೇಲೆ ಈ ಹುಚ್ಚನ್ನು ಬಾಯಿ ಬಿಟ್ಟು ಹೇಳಿಕೊಳ್ಳಲೂ ಕಷ್ಟವಾಯಿತು. ಕ್ಯಾಮೆರಾವನ್ನು ಅದರ ಬಟ್ಟೆ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟುಬಿಟ್ಟೆ. ಕಣ್ಣಿಗೆ ಕಾಣದಿದ್ದರೆ ಆಸೆಯೂ ಆಗಲ್ಲ ಅಂದುಕೊಂಡೆ. ಬೂಷ್ಟು ಹಿಡಿದದ್ದು ಅಲ್ಲೇ.

ಕೆಲಸ ಹೋದ ಮನೆಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಯಾರೂ ಏನೂ ಅನ್ನುವುದಿಲ್ಲ, ಆದರೂ ಪ್ರತಿಯೊಬ್ಬರೂ ತಮ್ಮ ಖರ್ಚನ್ನು ತಾವೇ ಒಳಗೊಳಗೆ ವಿಚಾರಣೆ ಮಾಡಿಕೊಳ್ಳುತ್ತಾರೆ. ಅತ್ತೆ ಎಲೆ ಅಡಿಕೆ ಕಡಿಮೆ ಮಾಡಿದರು. ಇವರು ಗಡ್ಡ ಮನೆಯಲ್ಲೇ ತೆಗೆದುಕೊಳ್ಳಲು ಶುರು ಮಾಡಿದರು. ಮಗಳು, ಆಗ ಅವಳಿಗೆ ಒಂಬತ್ತು ವರ್ಷ, ಹುಟ್ಟುಹಬ್ಬಕ್ಕೆ ಏನೂ ಬೇಡ ಅಂದಳು. ಅದನ್ನು ಕೇಳಿದಾಗ ನನ್ನ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಹೀಗಿರುವಾಗ ಫೋಟೋ ಅಂತ ನಾನು ಹೇಗೆ ಬಾಯಿ ಬಿಡಲಿ?

ಬಾಯಿ ಬಿಡಲಿಲ್ಲ. ಕದ್ದು ಮಾಡಿದೆ.

ಅಕ್ಟೋಬರಿನಲ್ಲಿ ಮೆಮೊರಿ ಕಾರ್ಡ್ ಕೆಟ್ಟಿತು. ಸುಮ್ನೆ ಇರಬಹುದಿತ್ತು. ಆದರೆ ಮಳೆ ನಿಂತು ಬೆಳಗಿನ ಮಂಜು ಶುರುವಾಗಿತ್ತು, ಬೇಲಿ ಮೇಲಿನ ಜೇಡರ ಬಲೆಗಳೆಲ್ಲ ಹನಿ ಕಟ್ಟಿಕೊಂಡು ನಿಂತಿರುತ್ತಿದ್ದವು. ಶುಕ್ರವಾರ ಮಡಿಕೇರಿ ಸಂತೆಗೆ ಹೋದಾಗ ತರಕಾರಿ ದುಡ್ಡಿನಲ್ಲಿ 400 ರೂಪಾಯಿ ಉಳಿಸಿ ಕಾರ್ಡ್ ತಂದೆ. ಬಿಲ್ಲನ್ನು ಅಕ್ಕಿ ಡಬ್ಬದ ಕೆಳಗಿಟ್ಟೆ. ಎರಡು ವಾರ ಆದ ಮೇಲೆ ಅದು ಇವರ ಕೈಗೆ ಸಿಕ್ಕಿತು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಬಿಲ್ಲನ್ನು ಮಡಚಿ ನನ್ನ ಕೈಗೇ ಕೊಟ್ಟು, "ನನಗೆ ಹೇಳಿದ್ರೆ ಬೇಡ ಅಂತಿದ್ನಾ?" ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಆ 400 ರೂಪಾಯಿ ಮನೆಗೆ ದೊಡ್ಡ ಹೊಡೆತ ಕೊಡಲಿಲ್ಲ, ನಾನು ಮುಚ್ಚಿಟ್ಟದ್ದು ಕೊಟ್ಟಿತು. ದುಡ್ಡಿಲ್ಲದ ಮನುಷ್ಯನಿಗೆ, ತನ್ನ ಹೆಂಡತಿ ತನಗೆ ಹೆದರಿ ಬಿಲ್ ಬಚ್ಚಿಟ್ಟಳು ಅಂತ ತಿಳಿಯುವುದು ಎಂಥ ನೋವು ಅಂತ ಆ ರಾತ್ರಿ ನನಗೆ ಗೊತ್ತಾಯಿತು.

ನವೆಂಬರಿನಲ್ಲಿ ಇವರಿಗೆ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಕೆದಕಲ್ ದಾಟಿ ಸುಂಟಿಕೊಪ್ಪ ಕಡೆಗೆ ಹೋಗುವಾಗ ಒಳಗೆ ಬರುವ ಒಂದು ಕಾಫಿ ತೋಟ. ಸಂಬಳ 13 ಸಾವಿರ, ಇರಲು ಎರಡು ಕೋಣೆಯ ಕ್ವಾರ್ಟರ್ಸ್. ರೆಸಾರ್ಟಿನವರೂ ಆಮೇಲೆ ಅರ್ಧ ಸಂಬಳಕ್ಕೆ ಕರೆದರು, ಇವರು ಹೋಗಲಿಲ್ಲ. ಸಂಬಳ ಕಡಿಮೆಯಾದರೂ ನಾಲ್ಕೂವರೆ ಸಾವಿರ ಬಾಡಿಗೆ ಉಳಿಯಿತು, ಸೌದೆ ಸಿಕ್ಕಿತು, ಎಲ್ಲಕ್ಕಿಂತ ಜಾಸ್ತಿ ಅಂದರೆ ಒಂದನೇ ತಾರೀಕು ಅನ್ನುವುದು ಮತ್ತೆ ಬಂತು. ಸಂಬಳ ಎಷ್ಟು ಅನ್ನುವುದಕ್ಕಿಂತ ಯಾವತ್ತು ಬರುತ್ತೆ ಅಂತ ಗೊತ್ತಿರುವುದು ಮನೆಗೆ ಎಷ್ಟು ಧೈರ್ಯ ಕೊಡುತ್ತದೆ ಅಂತ, ಒಂದು ಸಲ ಕಳೆದುಕೊಂಡವರಿಗೆ ಗೊತ್ತು.

ಆ ಕ್ವಾರ್ಟರ್ಸಿನ ಗೂಡಿನಲ್ಲಿ ಹಿಂದಿನ ರೈಟರ್ ಬಿಟ್ಟುಹೋದ ಒಂದು ಉದ್ದನೆಯ ಪುಸ್ತಕವಿತ್ತು. ಮಳೆ ಲೆಕ್ಕದ್ದು. ಕೊಡಗಿನ ತೋಟಗಳಲ್ಲಿ ದಿನಾ ಬೆಳಗ್ಗೆ ಮಳೆ ಅಳೆದು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ, ನೂರು ಸೆಂಟು ಅಂದರೆ ಒಂದು ಇಂಚು. ಅರ್ಧ ಪುಸ್ತಕ ಖಾಲಿ ಇತ್ತು. ಅದರಲ್ಲೇ ನಾವು ಮನೆ ಲೆಕ್ಕ ಬರೆಯಲು ಶುರು ಮಾಡಿದೆವು. ಅಕ್ಕಿ, ಗ್ಯಾಸ್, ಬೈಕ್ ಕಂತು, ಒಡವೆ ಬಡ್ಡಿ, ಅತ್ತೆಯ ಬಿಪಿ ಮಾತ್ರೆ, ಮಗಳ ಆನ್‌ಲೈನ್ ಕ್ಲಾಸಿಗೆ ಡೇಟಾ. 2021ರ ಜನವರಿ ಒಂದನೇ ತಾರೀಕು ಇವರು ಬರೆಯುತ್ತಾ ಬಂದವರು ಕೊನೆಯಲ್ಲಿ ಒಂದು ಸಾಲು ಸೇರಿಸಿದರು: ಫೋಟೋ, 100.

"ಇದೇನು?" ಅಂದೆ.

"ಮತ್ತೆ ಬಿಲ್ಲು ಅಕ್ಕಿ ಡಬ್ಬದ ಕೆಳಗೆ ಹೋಗಬಾರದು" ಅಂದರು.

ನಾನು ಇಷ್ಟುದ್ದ ಬರೆಯುತ್ತಿರುವುದು ಈ ಒಂದು ಸಾಲಿಗಾಗಿ. ಕಷ್ಟದಿಂದ ಎದ್ದು ಬರುತ್ತಿರುವ ಮನೆಯಲ್ಲಿ ಹವ್ಯಾಸಕ್ಕೆ ಎಷ್ಟು ದುಡ್ಡು ಅನ್ನುವುದು ಆಮೇಲಿನ ಮಾತು. ಅದಕ್ಕೊಂದು ಹೆಸರು ಇರಬೇಕು, ಎಲ್ಲರಿಗೂ ಕಾಣುವ ಹಾಗೆ ಬರೆದಿರಬೇಕು. ಸಾಲ ಪೂರ್ತಿ ತೀರಲಿ, ಆಮೇಲೆ ನೋಡೋಣ ಅಂತ ನಾವು ಹೇಳಿಕೊಂಡಿದ್ದರೆ ಆ ಆಮೇಲೆ ಯಾವತ್ತು ಬರುತ್ತಿತ್ತೋ. ಒಡವೆ ಬಿಡಿಸಿಕೊಂಡದ್ದೇ 2023ರಲ್ಲಿ. ಮೂರು ವರ್ಷ ಕ್ಯಾಮೆರಾ ಸೀರೆ ಹಿಂದೆ ಇದ್ದಿದ್ದರೆ ಬೂಷ್ಟು ಲೆನ್ಸಿನ ನಡುವಿಗೆ ಬಂದಿರುತ್ತಿತ್ತು, ನನ್ನ ಒಳಗೂ ಬಂದಿರುತ್ತಿತ್ತು.

ತಿಂಗಳಿಗೆ ನೂರು ರೂಪಾಯಿಗೆ ಫೋಟೋಗ್ರಫಿಯಲ್ಲಿ ಏನು ಬರುತ್ತೆ ಅಂತ ಕೇಳಬಹುದು. ಕೇಳಿದವರೂ ಇದ್ದಾರೆ. ಮೊದಲ ಎರಡು ತಿಂಗಳ ದುಡ್ಡಿಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ತಂದೆ. ಹೊಸ ಲೆನ್ಸ್ ಕನಸು ಕಾಣುವ ಮೊದಲು ಇರುವುದನ್ನು ಉಳಿಸಿಕೊಳ್ಳಬೇಕಲ್ಲ. ಕೊಡಗಿನಲ್ಲಿ ಕ್ಯಾಮೆರಾ ಇರುವವರೆಲ್ಲರಿಗೂ ಇದನ್ನು ಕೈಮುಗಿದು ಹೇಳುತ್ತೇನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಗೋಡೆಗಳೇ ಬೆವರುತ್ತವೆ, ಚಪ್ಪಲಿ ಮೇಲೆ ಹಸಿರು ಕಟ್ಟುತ್ತದೆ, ಅಂಥದ್ದರಲ್ಲಿ ಲೆನ್ಸನ್ನು ಬಟ್ಟೆ ಚೀಲದಲ್ಲೋ ಚರ್ಮದ ಚೀಲದಲ್ಲೋ ಬೀರುವಿನ ಕತ್ತಲಲ್ಲಿ ಇಡುವುದು ಅಂದರೆ ಬೂಷ್ಟಿಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ. ಚೀಲವೇ ತೇವ ಹೀರಿಕೊಂಡು ಕೂರುತ್ತದೆ. ಬೂಷ್ಟು ಬೆಳೆಯುತ್ತಾ ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಅಷ್ಟಾದ ಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ.

ಡ್ರೈ ಕ್ಯಾಬಿನೆಟ್ ಅಂತ, ಒಳಗೆ ತೇವ ಸೇರದ ಹಾಗೆ ನೋಡಿಕೊಳ್ಳುವ ಕರೆಂಟಿನ ಪೆಟ್ಟಿಗೆ ಸಿಗುತ್ತದೆ, ಸಾವಿರಗಟ್ಟಲೆ ಬೆಲೆ. ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿಡುವವರೂ ಇದ್ದಾರೆ, ಆದರೆ ನಮ್ಮ ತೋಟದಲ್ಲಿ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ. ಹಾಗಾಗಿ ನನ್ನದು ಮುಚ್ಚಳಕ್ಕೆ ರಬ್ಬರ್ ಇರುವ, ಗಾಳಿಯಾಡದ ಒಂದು ಪ್ಲಾಸ್ಟಿಕ್ ಡಬ್ಬ. ಅದರ ಅಡಿಗೆ ತೆಳು ಬಟ್ಟೆಯಲ್ಲಿ ಕಟ್ಟಿದ ಸಿಲಿಕಾ ಜೆಲ್, ಪಕ್ಕದಲ್ಲಿ ತೇವ ತೋರಿಸುವ ಬೆಂಕಿಪೊಟ್ಟಣದಷ್ಟು ಸಣ್ಣ ಮೀಟರ್. ಅದು ಶೇ. 40ರಿಂದ 50ರ ನಡುವೆ ಇರಬೇಕು. ಡಬ್ಬದ ಹೊರಗೆ ಇಟ್ಟರೆ ಜುಲೈನಲ್ಲಿ 90 ದಾಟುತ್ತದೆ. ನೀಲಿ ಹರಳುಗಳು ತೇವ ಕುಡಿದು ಗುಲಾಬಿ ಬಣ್ಣಕ್ಕೆ ಬಂದಾಗ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. ವರ್ಷಗಟ್ಟಲೆ ಅದನ್ನೇ ಬಳಸಬಹುದು. ಒಂದು ಎಚ್ಚರ ಮಾತ್ರ ಬೇಕು. ಆ ನೀಲಿ ಬಣ್ಣಕ್ಕೆ ಕೋಬಾಲ್ಟ್ ಕ್ಲೋರೈಡ್ ಹಾಕಿರುತ್ತಾರೆ, ಅದು ವಿಷ. ಅಡುಗೆಗೆ ಬಳಸುವ ತವಾದಲ್ಲಿ ಹುರಿಯಲೇಬಾರದು. ನಾನು ಹಿಡಿ ಮುರಿದ ಹಳೇ ತವಾ ಒಂದನ್ನು ಅದಕ್ಕೇ ಇಟ್ಟಿದ್ದೇನೆ, ಹೊರಗಿನ ಒಲೆಯ ಮೇಲೆ, ಮಗಳ ಕೈಗೆ ಎಟುಕದ ಹಾಗೆ.

ಬೂಷ್ಟು ಬಂದಿದ್ದ ಆ ಲೆನ್ಸನ್ನು ಬಿಚ್ಚಿ ಸ್ವಚ್ಛ ಮಾಡಲು ಎರಡು ಸಾವಿರದ ಹತ್ತಿರ ಕೇಳಿದರು. ಮಾಡಿಸಲಿಲ್ಲ. ಅಂಚಿನ ಬೂಷ್ಟು ಫೋಟೋದಲ್ಲಿ ಕಾಣುವುದಿಲ್ಲ, ಸೂರ್ಯನಿಗೆ ಎದುರಾಗಿ ಹಿಡಿದರೆ ಮಾತ್ರ ಸ್ವಲ್ಪ ಮಸುಕು. ಡಬ್ಬದೊಳಗೆ ಹೋದ ಮೇಲೆ ಅದು ಬೆಳೆದೂ ಇಲ್ಲ. ಇವತ್ತಿಗೂ ಅದೇ ಲೆನ್ಸ್.

ಮಾರ್ಚಿನಲ್ಲಿ ಒಂದು ರಿವರ್ಸ್ ರಿಂಗ್ ತರಿಸಿದೆ. ನನ್ನ ಮಟ್ಟಿಗೆ ಇಡೀ ಫೋಟೋಗ್ರಫಿಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಕೊಡುವ ವಸ್ತು ಇನ್ನೊಂದಿಲ್ಲ. ಬರೀ ಲೋಹದ ಬಳೆ ಅದು. ಲೆನ್ಸನ್ನು ತಲೆಕೆಳಗು ಮಾಡಿ, ಮುಂಭಾಗವನ್ನು ಕ್ಯಾಮೆರಾಗೆ ಸಿಕ್ಕಿಸಲು. ಹಾಗೆ ಸಿಕ್ಕಿಸಿದರೆ ಮಾಮೂಲಿ ಲೆನ್ಸೇ, ಸಣ್ಣದನ್ನು ತುಂಬಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸಿನ ಕೆಲಸ ಮಾಡುತ್ತದೆ. ನನ್ನ ಕಿಟ್ ಲೆನ್ಸಿಗೆ 52 ಮಿಲಿಮೀಟರ್ ರಿಂಗ್ ಸರಿಹೋಗುತ್ತದೆ. ಕೊಳ್ಳುವ ಮೊದಲು ಲೆನ್ಸಿನ ಮುಂದೆ ಬರೆದಿರುವ ಅಳತೆ ನೋಡಿಕೊಳ್ಳಬೇಕು. ಫೋಕಸ್ ತಾನಾಗಿಯೇ ಆಗುವುದಿಲ್ಲ, ಬೆಳಕಿನ ಮೀಟರೂ ಇರುವುದಿಲ್ಲ, ಎಲ್ಲ ನಾವೇ ಹೊಂದಿಸುವ ಎಂ ಮೋಡಿನಲ್ಲಿ ಒಂದು ಹೊಡೆದು ಸ್ಕ್ರೀನ್ ನೋಡಿ ಶಟರ್ ಬದಲಿಸಿ ಇನ್ನೊಂದು ಹೊಡೆಯಬೇಕು. ಫೋಕಸ್ ಬೇಕೆಂದರೆ ನಾವೇ ಮೈ ಹಿಂದೆ ಮುಂದೆ ಆಡಿಸಬೇಕು, ಉಸಿರು ಹಿಡಿದು.

ಕಾಫಿ ಹೂ ಅರಳಿಸುವ ಹೂ ಮಳೆ ಬಂದು ಎಂಟೊಂಬತ್ತು ದಿನ ಆಗಿತ್ತು. ತೋಟವೆಲ್ಲ ಬಿಳಿ. ಕಾಫಿ ಹೂವಿನ ಪರಿಮಳ ಗೊತ್ತಿಲ್ಲದವರಿಗೆ ಮಲ್ಲಿಗೆ ಹಾಗೆ ಅಂತ ಹೇಳುತ್ತೇವೆ, ಆದರೆ ಅದಕ್ಕೆ ಸ್ವಲ್ಪ ಜೇನಿನ ಭಾರ ಜಾಸ್ತಿ. ಎರಡು ಮೂರು ದಿನ ಅಷ್ಟೇ, ಆಮೇಲೆ ಕಂದು ತಿರುಗುತ್ತದೆ. ಬೆಳಗ್ಗೆ ಬೇಗ ಹೋಗುವ ಹಾಗಿರಲಿಲ್ಲ, ಕೆಳಗಿನ ಗದ್ದೆ ಕಡೆ ಆನೆ ಇದೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಬಂದಿತ್ತು. ಎಂಟೂವರೆಗೆ, ಮನೆ ಹಿಂದಿನ ಮೂರನೇ ಗಿಡದ ಹತ್ತಿರ ಕೂತೆ. ತಲೆಕೆಳಗಾದ ಲೆನ್ಸನ್ನು ಹೂವಿಗೆ ಮೂರು ಬೆರಳಷ್ಟು ಹತ್ತಿರ ಒಯ್ದೆ. ಮೊದಲು ಬರೀ ಬಿಳಿ ಮಂಜು. ಸ್ವಲ್ಪ ಹಿಂದೆ ಬಂದೆ. ಒಂದು ಎಸಳಿನ ಅಂಚು ಗೆರೆ ಹಾಗೆ ಮೂಡಿತು, ಮಾಯವಾಯಿತು. ಇನ್ನೊಂದು ಕೂದಲಷ್ಟು ಹಿಂದೆ. ಕೇಸರ ಕಂಡಿತು, ಬಾಗಿದ ಸಣ್ಣ ಕೊಕ್ಕಿನ ಹಾಗೆ, ಅದರ ಮೈ ತುಂಬ ಪರಾಗದ ಪುಡಿ, ರವೆ ಉದುರಿಸಿದ ಹಾಗೆ. ಅಷ್ಟರಲ್ಲಿ ಒಂದು ಸಣ್ಣ ಜೇನು ಬಂದು ಅದೇ ಹೂವಿನ ಮೇಲೆ ಕೂತಿತು. ಕಣ್ಣಿಗೆ ಎದುರಾಗಿ ಅದರ ಹಿಂಗಾಲು, ಕಾಲಿನ ರೋಮ, ರೋಮಕ್ಕೆ ಅಂಟಿದ ಹಳದಿ ಉಂಡೆ. ಕೈ ನಡುಗಿತು. ಮೂವತ್ತು ಫೋಟೋದಲ್ಲಿ ಒಂದು ಸರಿಯಾಗಿತ್ತು. ಆ ಒಂದನ್ನು ರಾತ್ರಿ ಇವರಿಗೆ ತೋರಿಸಿದೆ. ದಿನಾ ತೋಟದಲ್ಲೇ ಇರುವ ಮನುಷ್ಯ, ಸುಮಾರು ಹೊತ್ತು ನೋಡಿ, "ನಮ್ಮ ಗಿಡನಾ ಇದು?" ಅಂದರು.

ನೂರು ರೂಪಾಯಿ ಸಾಲು ನಿಧಾನಕ್ಕೆ ಇನ್ನೂರಾಯಿತು. ಮತ್ತೆ ಒಂದು ಸಲ ಸೊನ್ನೆಯೂ ಆಯಿತು. 2021ರ ಏಪ್ರಿಲ್ ಕೊನೆಗೆ ಮತ್ತೆ ಎಲ್ಲ ಮುಚ್ಚಿದಾಗ, ನನ್ನ ಶಾಲೆ ಸಂಬಳ ಪೂರ್ತಿ ನಿಂತಾಗ, ಆ ಸಾಲಿನ ಮುಂದೆ ನಾನೇ ಸೊನ್ನೆ ಬರೆದೆ. ಆದರೆ ಸಾಲನ್ನು ಅಳಿಸಲಿಲ್ಲ. ನಾಲ್ಕು ತಿಂಗಳು "ಫೋಟೋ, 0" ಅಂತಲೇ ಬರೆದೆವು. ಸೊನ್ನೆ ಬರೆದಿರುವುದಕ್ಕೂ ಸಾಲೇ ಇಲ್ಲದಿರುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಆ ಸೊನ್ನೆಯ ತಿಂಗಳುಗಳಲ್ಲೇ, ಆಗಸ್ಟಿನಲ್ಲಿ, ಮಾಂದಲಪಟ್ಟಿ, ಕೋಟೆಬೆಟ್ಟದ ಕಡೆ ಕುರಿಂಜಿ ಅರಳಿತು. ನೀಲಕುರಿಂಜಿ ಅಂದರೆ 12 ವರ್ಷಕ್ಕೊಮ್ಮೆ ಅಂತಲೇ ನಾವೆಲ್ಲ ಕೇಳಿಕೊಂಡು ಬೆಳೆದದ್ದು. ಕುರಿಂಜಿಯಲ್ಲಿ ಜಾತಿಗಳು ಹಲವು, ಒಂದೊಂದರ ವರ್ಷದ ಲೆಕ್ಕ ಒಂದೊಂದು. ಇಡೀ ಬೆಟ್ಟ ನೀಲಿಯಾಗಿರುವ ಫೋಟೋಗಳು ದಿನಾ ಫೋನಿಗೆ ಬರುತ್ತಿದ್ದವು. ಮಾಂದಲಪಟ್ಟಿಗೆ ಜೀಪು ಮಾಡಿಕೊಂಡು ಹೋಗುವ ದುಡ್ಡು ಆ ತಿಂಗಳ ಗ್ಯಾಸ್ ದುಡ್ಡಿಗಿಂತ ಜಾಸ್ತಿ. ಇವರು ಎರಡು ಸಲ ಹೋಗೋಣ ಅಂದರು. ಬೇಡ ಅಂದೆ. ಹೋಗದೇ ಇದ್ದದ್ದಕ್ಕೆ ಬೇಜಾರಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬೇಜಾರಾಗಿತ್ತು, ಈಗಲೂ ಇದೆ. ಹತ್ತಿರದಲ್ಲೇ ಎಲ್ಲ ಸೌಂದರ್ಯ ಇದೆ, ದೂರ ಹೋಗಬೇಕಾಗಿಲ್ಲ ಅಂತ ಬರೆಯುವವರಿದ್ದಾರೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಮನೆ ಹಿಂದಿನ ನೀರಿನ ಡ್ರಮ್ಮಿನ ಅಂಚಿನಲ್ಲಿ ಕೂತಿದ್ದ, ಉಗುರಿನಷ್ಟು ಸಣ್ಣ ಮರಗಪ್ಪೆಯ ಗಂಟಲು ಗುಳ್ಳೆಯಂತೆ ಉಬ್ಬುವುದನ್ನು ಆ ತಿಂಗಳೇ ತೆಗೆದೆ, ಅದು ನನ್ನ ಇಷ್ಟದ ಫೋಟೋಗಳಲ್ಲಿ ಒಂದು. ಆದರೆ ಅದು ಕುರಿಂಜಿಗೆ ಬದಲಿ ಅಲ್ಲ. ಅದು ಕಪ್ಪೆ, ಅಷ್ಟೇ. ಕುರಿಂಜಿ ನನಗೆ ತಪ್ಪಿಹೋಯಿತು.

2022ರಲ್ಲಿ ನನಗೆ ಸುಂಟಿಕೊಪ್ಪದ ಒಂದು ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ ಸಿಕ್ಕಿತು, ಒಂಬತ್ತು ಸಾವಿರಕ್ಕೆ. ಆಗಲೇ ಎಲ್ಲರೂ ಒಂದೇ ಮಾತು ಹೇಳಲು ಶುರು ಮಾಡಿದ್ದು. ನನ್ನ ಅಣ್ಣ, ಅಂಗಡಿಗೆ ಬರುವವರು, ಪಕ್ಕದ ತೋಟದ ಅಕ್ಕ. "ಇಷ್ಟು ಚೆನ್ನಾಗಿ ತೆಗಿತೀಯಲ್ಲ, ಇದರಿಂದಲೇ ದುಡ್ಡು ಮಾಡು." ಪ್ರೀತಿಯಿಂದಲೇ ಹೇಳುತ್ತಾರೆ. ಒಂದು ನಾಮಕರಣ ಒಪ್ಪಿಕೊಂಡೆ, ಎರಡು ಸಾವಿರಕ್ಕೆ. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಇಡೀ ದಿನ ಯಾರನ್ನು ಬಿಟ್ಟೆ, ಯಾರು ಕಣ್ಣು ಮುಚ್ಚಿದರು ಅನ್ನುವುದೇ ತಲೆಯಲ್ಲಿ. ಫೋಟೋ ಸರಿಯಾಗೇ ಬಂತು, ಅವರಿಗೂ ಇಷ್ಟವಾಯಿತು. ಆದರೆ ಮನೆಗೆ ಬಂದ ಮೇಲೆ ಒಂದು ತಿಂಗಳು ಕ್ಯಾಮೆರಾ ಮುಟ್ಟಬೇಕು ಅನ್ನಿಸಲಿಲ್ಲ. ಆಮೇಲೆ ಯಾರು ಕರೆದರೂ ಇಲ್ಲ ಅಂದೆ. ಮದುವೆ ಫೋಟೋ ತೆಗೆಯುವುದು ದೊಡ್ಡ ಕಸುಬು, ಅದಕ್ಕೆ ಬೇರೆ ಗಟ್ಟಿತನ ಬೇಕು. ಹವ್ಯಾಸ ತನ್ನ ಅನ್ನ ತಾನೇ ದುಡಿದುಕೊಳ್ಳಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅತ್ತೆ ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂರುವುದರಿಂದ ಮನೆಗೆ ಎಷ್ಟು ಬಂತು ಅಂತ ಯಾರೂ ಕೇಳುವುದಿಲ್ಲವಲ್ಲ.

ಆ ಎರಡು ಸಾವಿರವನ್ನು ಮಾತ್ರ ಇವರು ಮನೆ ಖರ್ಚಿಗೆ ಸೇರಿಸಲು ಬಿಡಲಿಲ್ಲ. ಅದಕ್ಕೆ ಕೂಡಿಟ್ಟಿದ್ದನ್ನೂ ಸೇರಿಸಿ, ನಾಲ್ಕೂವರೆ ಸಾವಿರಕ್ಕೆ ಒಂದು ಹಳೇ 50 ಎಂಎಂ ಎಫ್ 1.8 ಡಿ ಲೆನ್ಸ್ ತಗೊಂಡೆ. ಇದು ನನ್ನ ಕ್ಯಾಮೆರಾದಲ್ಲಿ ತಾನಾಗಿ ಫೋಕಸ್ ಮಾಡುವುದಿಲ್ಲ. ನಿಕಾನ್‌ನ ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಅದಕ್ಕೆ ಬೇಕಾದ ಮೋಟರ್ ಇಲ್ಲ. ಗೊತ್ತಿಲ್ಲದೆ ಕೊಂಡು ಬೇಜಾರು ಮಾಡಿಕೊಂಡವರು ಸುಮಾರು ಜನ. ಆದರೆ ನನಗೆ ಬೇಕಾಗಿದ್ದೇ ಅದು. ಯಾಕೆಂದರೆ ಈ ಹಳೇ ಲೆನ್ಸಿನ ಮೈಮೇಲೆ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ತಿರುಗಿಸುವ ಬಳೆ ಇದೆ, ತಲೆಕೆಳಗು ಹಾಕಿದರೂ ಅಪರ್ಚರ್ ನಮ್ಮ ಕೈಯಲ್ಲೇ ಇರುತ್ತದೆ. ಕಿಟ್ ಲೆನ್ಸಿನಲ್ಲಿ ಹಿಂದಿನ ಕಡ್ಡಿಗೆ ಕಾಗದದ ಚೂರು ಸಿಕ್ಕಿಸಿ ಪರದಾಡುತ್ತಿದ್ದೆ. ರಿಂಗೂ ಅದೇ 52 ಮಿಲಿಮೀಟರ್, ಹೊಸದು ಬೇಕಾಗಲಿಲ್ಲ. ಈ ಸಲ ಕೊಳ್ಳುವ ಮೊದಲು ನಾನೇ ಲೆನ್ಸಿನ ಹಿಂದೆ ಟಾರ್ಚ್ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ, ಆ ಕುಶಾಲನಗರದ ಹುಡುಗನ ಹಾಗೆ. ಒಂದು ಎಳೆಯೂ ಇರಲಿಲ್ಲ.

ಅದು ಬಂದ ದಿನವೇ ಇವರನ್ನು ಕೇಳಿದ್ದು, ಆವತ್ತು ಆರು ಸಾವಿರಕ್ಕೆ ಯಾಕೆ ಬೇಡ ಅಂದಿರಿ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರು ಸಾವಿರ ಹದಿನೈದು ದಿನಕ್ಕೆ ಮುಗೀತಿತ್ತು. ಆಮೇಲೆ ಮನೇಲಿ ಕೆಲಸ ಕಳಕೊಂಡವನು ನಾನೊಬ್ಬನೇ ಅಲ್ಲ, ನೀನೂ ಏನೋ ಕಳಕೊಂಡವಳು ಅಂತ ದಿನಾ ನೋಡ್ಬೇಕಿತ್ತು" ಅಂದರು. ಆಮೇಲೆ ಎದ್ದು ಕಣದ ಕಡೆ ಹೋದರು. ಇವರು ಇಂಥ ಮಾತನ್ನು ವರ್ಷಕ್ಕೊಂದು ಆಡಿದರೆ ಜಾಸ್ತಿ.

ಈಗ ಆ ಸಾಲಿನ ಮುಂದೆ 500 ಇದೆ. 2024ರಲ್ಲಿ ಕಾಫಿ ಬೆಲೆ ಎಂದೂ ಇಲ್ಲದಷ್ಟು ಏರಿದಾಗ ಸಾಹುಕಾರರು ಸಂಬಳ ಸ್ವಲ್ಪ ಜಾಸ್ತಿ ಮಾಡಿದರು, ಅದರಿಂದ. ಅದರಲ್ಲಿ ಐವತ್ತು ಅರವತ್ತು ರೂಪಾಯಿ ಪ್ರಿಂಟಿಗೆ ಹೋಗುತ್ತದೆ. ತಿಂಗಳಿಗೆ ನಾಲ್ಕು, ಪೋಸ್ಟ್‌ಕಾರ್ಡಿನಷ್ಟು. ಫೋನಿನಲ್ಲಿ ಸಾವಿರ ಇದ್ದರೂ ಯಾವ ನಾಲ್ಕು ಅಂತ ಆರಿಸುವ ರಾತ್ರಿ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ. ಮಗಳಿಗೆ ಈಗ ಹದಿನಾಲ್ಕು ವರ್ಷ, ಅವಳ ಮಾತೇ ಕೊನೆಯದು. ಅತ್ತೆಗೆ ಹೂವಿನ ಫೋಟೋ ಯಾವುದೂ ಅಷ್ಟು ಹಿಡಿಸುವುದಿಲ್ಲ, ಮನುಷ್ಯರದ್ದು ತೆಗಿ ಅನ್ನುತ್ತಾರೆ. ಕಣದಲ್ಲಿ ಕಾಫಿ ಕೆದಕುತ್ತಿದ್ದ ಅವರ ಬರಿಗಾಲಿನ ಫೋಟೋ ಒಂದನ್ನು ಮಾತ್ರ ತಮ್ಮ ದೇವರ ಪಟದ ಪಕ್ಕ ಇಟ್ಟುಕೊಂಡಿದ್ದಾರೆ.

ಇದನ್ನು ಬರೆಯುವಾಗ ಜೂನ್ ಶುರುವಾಗಿದೆ. ನಿನ್ನೆ ಡಬ್ಬ ತೆಗೆದಾಗ ಹರಳುಗಳೆಲ್ಲ ಗುಲಾಬಿಯಾಗಿದ್ದವು. ಬೆಳಗ್ಗೆ ಹೊರಗಿನ ಒಲೆಯ ಮೇಲೆ ಹಿಡಿ ಮುರಿದ ತವಾ ಇಟ್ಟು ಹುರಿಯುತ್ತಾ ಕೂತೆ. ಮೊದಲು ಅಂಚಿನವು, ಆಮೇಲೆ ನಡುವಿನವು, ಒಂದೊಂದೇ ನೀಲಿಗೆ ತಿರುಗಿದವು. ಇವರು ಕೊಡೆ ಹಿಡಿದು ಮಳೆ ಅಳೆಯಲು ಹೋದವರು ಅಲ್ಲಿಂದಲೇ ಕೂಗಿದರು, "ಒಂದು ಇಂಚು ನಲವತ್ತು ಸೆಂಟು, ಬರ್ಕೋ." ತೋಟದ ಪುಸ್ತಕ ಆಫೀಸಿನಲ್ಲಿತ್ತು. ಕೈ ಒರೆಸಿಕೊಂಡು ನಮ್ಮ ಪುಸ್ತಕದಲ್ಲೇ, ಈ ತಿಂಗಳ ಹಾಳೆಯ ಮೂಲೆಯಲ್ಲಿ, ಫೋಟೋ ಸಾಲಿನ ಕೆಳಗೆ ಬರೆದುಕೊಂಡೆ.